ಭೀಮಗಡದ ಕಾಡಿಗೊಂದು, ಬಾದಾಮಿಯ ಬಂಡೆಗೊಂದು: ಕೈಯಲ್ಲಿ ಹಿಡಿಯುವ ಜಿಪಿಎಸ್ ಆರಿಸುವ ಬಗೆ

(ಬೆಳಗಾವಿಯಲ್ಲಿ ಚಾರಣಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ನಡುನಡುವೆ ಸಭೆಯಿಂದ ಬಂದ ಪ್ರಶ್ನೆಗಳನ್ನೂ ಆಯಾ ಜಾಗದಲ್ಲೇ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ಜಿಪಿಎಸ್ ಕೊಳ್ಳಬೇಕೆಂದವರು ಮೊದಲು ಕೇಳುವುದು "ಯಾವ ಮಾಡೆಲ್ ಛಲೋ?" ಅಂತ. ಅದಕ್ಕೆ ಉತ್ತರ ಹೇಳುವ ಮೊದಲು ನೀವು ಯಾವ ನೆಲದ ಮೇಲೆ ನಡೆಯುವವರು ಅನ್ನುವುದು ಗೊತ್ತಾಗಬೇಕು. ನಮ್ಮ ಸುತ್ತಮುತ್ತಲೇ ಮೂರು ತರಹದ ನೆಲ ಇದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ, ಭೀಮಗಡದ ಕಡೆ ಹೋದರೆ ದಟ್ಟ ಕಾಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಬಾದಾಮಿ ಸೀಮೆಯಲ್ಲಿ ಕಾಡು ಕುರುಚಲು, ಆದರೆ ನೆಟ್ಟಗೆ ನಿಂತ ಮರಳುಗಲ್ಲಿನ ಗೋಡೆಗಳು ಮುಗಿಲನ್ನೇ ಅರ್ಧ ಮಾಡಿಬಿಡುತ್ತವೆ. ವಿಜಯಪುರದ ಬಯಲಿನಲ್ಲಿ ಮುಗಿಲು ಪೂರ್ತಿ ತೆರೆದಿರುತ್ತದೆ. ಅಲ್ಲಿ ಕಷ್ಟ ಕೊಡುವುದು ಬಿಸಿಲು. ಒಂದು ಕಡೆ ಚೆನ್ನಾಗಿ ಕೆಲಸ ಮಾಡುವ ಯಂತ್ರ ಇನ್ನೊಂದು ಕಡೆ ಎಡವುತ್ತದೆ. ಆದ್ದರಿಂದ ಇವತ್ತು ಯಂತ್ರವನ್ನು ನೆಲದ ಲೆಕ್ಕದಲ್ಲೇ ನೋಡೋಣ.

"ಮೊಬೈಲಿನ್ಯಾಗ ಜಿಪಿಎಸ್ ಇರತೈತಲ್ಲ, ಮತ್ತ ಬ್ಯಾರೆ ಯಂತ್ರ ಯಾಕ ಬೇಕ್ರಿ?" ಅಂತ ಮುಂದಿನ ಸಾಲಿನಿಂದಲೇ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆ. ಯಳ್ಳೂರಿನ ರಾಜಹಂಸಗಡಕ್ಕೋ ಸವದತ್ತಿಯ ಪರಸಗಡಕ್ಕೋ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವರಿಗೆ ಬೇರೆ ಯಂತ್ರ ಬೇಕಿಲ್ಲ, ಆ ದುಡ್ಡಿಗೆ ಒಳ್ಳೆಯ ಬೂಟು ತೆಗೆದುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲಿನ ಜಿಪಿಎಸ್ ನಡೆಯುವುದಿಲ್ಲ ಅನ್ನುವುದೂ ತಪ್ಪು ತಿಳಿವಳಿಕೆ. ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಯಂತ್ರ, ಉಪಗ್ರಹದ ಮಾತು ಕೇಳಲು ಟವರ್ ಬೇಕಿಲ್ಲ. ಟವರ್ ಇದ್ದರೆ ಉಪಗ್ರಹಗಳು ಈಗ ಎಲ್ಲಿವೆ ಅನ್ನುವ ಪಟ್ಟಿ ಮೊಬೈಲಿಗೆ ಕೂಡಲೇ ಸಿಗುತ್ತದೆ. ಇಲ್ಲದಿದ್ದರೆ ಆ ಪಟ್ಟಿಯನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಪ್ರತಿ ಉಪಗ್ರಹವೂ ತನ್ನ ಲೆಕ್ಕವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತಿರುತ್ತದೆ. ತೆರೆದ ಬಯಲಿನಲ್ಲಿ ನಿಂತರೆ ಒಂದೆರಡು ನಿಮಿಷದ ಕೆಲಸ. ಮರದಡಿ ನಡೆಯುತ್ತಾ ಕೇಳಿಸಿಕೊಂಡರೆ ನಡುವೆ ಮಾತು ತುಂಡಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಹಾಗಾಗಿ ಮೊಬೈಲಾಗಲಿ ಯಂತ್ರವಾಗಲಿ, ಕಾಡು ಹೊಗುವ ಮೊದಲು ಬಯಲಿನಲ್ಲೇ ಸ್ಥಾನ ಹಿಡಿಸಿಕೊಂಡು ಹೋಗಿ.

ಮೊಬೈಲ್ ಸೋಲುವ ಜಾಗಗಳು ಬೇರೆ. ಮಳೆಹನಿ ಬಿದ್ದ ಪರದೆಗೆ ಬೆರಳು ಯಾವುದು, ನೀರು ಯಾವುದು ತಿಳಿಯುವುದಿಲ್ಲ. ನಕ್ಷೆ ತಾನಾಗಿ ಹಿಗ್ಗುತ್ತದೆ, ಜರುಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕಾದು ಪರದೆ ಮಂಕಾಗುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ನೆಟ್‌ವರ್ಕ್ ಇಲ್ಲದ ಕಣಿವೆಯಲ್ಲಿ ಟವರ್ ಹುಡುಕುತ್ತಾ ಬ್ಯಾಟರಿ ಕರಗುತ್ತದೆ. ಏರೋಪ್ಲೇನ್ ಮೋಡ್ ಹಾಕಿದರೆ ಇದು ಬಹಳಷ್ಟು ತಪ್ಪುತ್ತದೆ, ಜಿಪಿಎಸ್ ಆಗಲೂ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮೊಬೈಲು ಒಂದೇ ಇರುತ್ತದೆ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಬೇಕಾದ ಸಾಧನವನ್ನೇ ದಾರಿ ನೋಡಲು ಖಾಲಿ ಮಾಡಿಕೊಳ್ಳುವುದು ಜಾಣತನವಲ್ಲ. ಎರಡು ದಿನಕ್ಕಿಂತ ಹೆಚ್ಚು ನಡೆಯುವವರಿಗೆ, ಮಳೆಗಾಲದಲ್ಲಿ ಘಟ್ಟ ಹತ್ತುವವರಿಗೆ, ತಂಡ ಕರೆದುಕೊಂಡು ಹೋಗುವವರಿಗೆ ಬೇರೆ ಯಂತ್ರ ಬೇಕು.

ಈಗ ಒಳಗಿನ ಕೆಲಸ ಸ್ವಲ್ಪ ತಿಳಿಯೋಣ, ಯಾಕೆಂದರೆ ಬಾದಾಮಿಯಲ್ಲಿ ಆಗುವ ತಪ್ಪು ಇಲ್ಲಿಂದಲೇ ಹುಟ್ಟುತ್ತದೆ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಸಂಕೇತ ಹೊರಟ ಹೊತ್ತಿಗೂ ತಲುಪಿದ ಹೊತ್ತಿಗೂ ಇರುವ ಅಂತರದಿಂದ ಯಂತ್ರ ದೂರವನ್ನು ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಯಂತ್ರದ ಗಡಿಯಾರದ ತಪ್ಪು, ಹೀಗೆ ನಾಲ್ಕು ಗೊತ್ತಿಲ್ಲದ ಸಂಖ್ಯೆಗಳಿರುವುದರಿಂದ ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು.

ಅಗಸ್ತ್ಯ ತೀರ್ಥದ ದಂಡೆಯಿಂದ ಬಾದಾಮಿಯ ಉತ್ತರದ ಕೋಟೆಗೆ ಹತ್ತುವ ದಾರಿ ನೆನಪಿಸಿಕೊಳ್ಳಿ. ಎರಡೂ ಬದಿ ಬಂಡೆ, ನಡುವೆ ಸೀಳು. ಅಲ್ಲಿ ಎರಡು ತೊಂದರೆ ಒಟ್ಟಿಗೇ ಬರುತ್ತವೆ. ಮೊದಲನೆಯದು, ತಲೆ ಮೇಲಿನ ಉಪಗ್ರಹಗಳಷ್ಟೇ ಕಾಣುತ್ತವೆ, ದಿಗಂತದ ಕಡೆಯವು ಮರೆಯಾಗುತ್ತವೆ. ಎಲ್ಲವೂ ಒಂದೇ ದಿಕ್ಕಿನಲ್ಲಿದ್ದರೆ ಲೆಕ್ಕ ಸಡಿಲಾಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಸಂಕೇತ ಬಂಡೆಗೆ ಬಡಿದು, ತಿರುಗಿ, ತಡವಾಗಿ ಯಂತ್ರ ಸೇರುತ್ತದೆ. ತಡವಾಯಿತೆಂದರೆ ದೂರ ಹೆಚ್ಚೆಂದು ಯಂತ್ರ ತಿಳಿಯುತ್ತದೆ. ನೀವು ಸೀಳಿನೊಳಗೆ ನಿಂತಿದ್ದರೂ ನಕ್ಷೆಯ ಮೇಲಿನ ಚುಕ್ಕೆ ಬಂಡೆಯ ನೆತ್ತಿಗೆ ಹೋಗಿ ಕೂರುತ್ತದೆ. ಪರದೆಯ ಮೇಲೆ "ನಿಖರತೆ 5 ಮೀಟರ್" ಅಂತ ಬರೆದಿದ್ದರೂ ನಂಬಬೇಡಿ. ಅದು ಯಂತ್ರದ ಅಂದಾಜು, ಬಡಿದು ಬಂದ ಸಂಕೇತ ಯಾವುದೆಂದು ಅದಕ್ಕೆ ಗೊತ್ತಿರುವುದಿಲ್ಲ.

ಈ ರೋಗಕ್ಕೆ ಮದ್ದು ಎರಡು ಆವರ್ತನ ಹಿಡಿಯುವ ಯಂತ್ರ. ಹಳೆಯ ಯಂತ್ರಗಳು ಎಲ್1 ಅನ್ನುವ 1575.42 ಮೆಗಾಹರ್ಟ್ಸ್ ಸಂಕೇತವನ್ನಷ್ಟೇ ಕೇಳುತ್ತವೆ. ಹೊಸವು ಜೊತೆಗೆ ಎಲ್5 ಅನ್ನುವ 1176.45 ಮೆಗಾಹರ್ಟ್ಸ್ ಸಂಕೇತವನ್ನೂ ಕೇಳುತ್ತವೆ. ಎಲ್5ರ ಸಂಕೇತದಲ್ಲಿರುವ ಮಿಡಿತಗಳು ಎಲ್1ಕ್ಕಿಂತ ಹತ್ತು ಪಟ್ಟು ಚುರುಕು. ಎಲ್1ರ ಒಂದು ಮಿಡಿತ ಸುಮಾರು 293 ಮೀಟರ್ ಉದ್ದ, ಎಲ್5ರದ್ದು 29 ಮೀಟರ್. ಮಿಡಿತ ಚಿಕ್ಕದಾದಷ್ಟೂ ನೇರ ಬಂದದ್ದನ್ನೂ ಬಡಿದು ಬಂದದ್ದನ್ನೂ ಬೇರೆ ಮಾಡುವುದು ಸುಲಭ. ಇನ್ನೊಂದು ಲಾಭವೂ ಇದೆ. ವಾತಾವರಣದ ಮೇಲ್ಪದರವಾದ ಅಯಾನುಗೋಳ ಸಂಕೇತವನ್ನು ತಡೆದು ನಿಧಾನ ಮಾಡುತ್ತದೆ. ಇದು ನಮ್ಮಂಥ ಉಷ್ಣವಲಯದಲ್ಲಿ ಜಾಸ್ತಿ, ಅದರಲ್ಲೂ ಮಧ್ಯಾಹ್ನದ ಹೊತ್ತಿನಲ್ಲಿ. ಎರಡು ಆವರ್ತನಗಳಲ್ಲಿ ತಡ ಬೇರೆ ಬೇರೆ ಇರುವುದರಿಂದ ಹೋಲಿಸಿ ನೋಡಿ ಆ ತಪ್ಪನ್ನು ಕಳೆಯಬಹುದು. ಪೆಟ್ಟಿಗೆಯ ಮೇಲೆ "ಮಲ್ಟಿ ಬ್ಯಾಂಡ್" ಎಂದಿದ್ದರೆ ಇದೇ. ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 65ಎಸ್, 66ಎಸ್‌ಆರ್, 67, ಇಟ್ರೆಕ್ಸ್ ಸೋಲಾರ್ ಈ ಜಾತಿಯವು. "ಮಲ್ಟಿ ಜಿಎನ್‌ಎಸ್‌ಎಸ್" ಅನ್ನುವುದು ಬೇರೆ ಮಾತು, ಅಂಗಡಿಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಹೇಳಿಬಿಡುತ್ತಾರೆ. ಅದರ ಅರ್ಥ ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ ಮುಂತಾದವನ್ನೂ ಹಿಡಿಯುತ್ತದೆ ಅಂತ. ಅದೂ ಬೇಕು, ಸೀಳಿನಲ್ಲಿ ನಿಂತಾಗ ಕಾಣುವ ಉಪಗ್ರಹಗಳ ಸಂಖ್ಯೆ ಹೆಚ್ಚುತ್ತದೆ. ಆದರೆ ಬಡಿದು ಬಂದ ಸಂಕೇತಕ್ಕೆ ಅದು ಪೂರ್ತಿ ಮದ್ದಲ್ಲ.

"ನಮ್ಮ ದೇಶದ ನಾವಿಕ್ ಇರೋದು ತಗೊಂಡ್ರ ಇನ್ನೂ ಛಲೋ ಅಲ್ಲೇನ್ರಿ?" ಅಂತ ಒಬ್ಬರು ಕೇಳಿದರು. ಇಸ್ರೊದ ನಾವಿಕ್ ಜಿಪಿಎಸ್ ತರಹದ್ದೇ, ಆದರೆ ನಮ್ಮ ನೆತ್ತಿಯ ಮೇಲೇ ಇರುವಂತೆ ಯೋಜಿಸಿದ ಉಪಗ್ರಹ ವ್ಯವಸ್ಥೆ, ಅದು ಕೈಗೂಡಲಿ ಅನ್ನುವ ಆಸೆ ನಮಗೂ ಇದೆ. ಆದರೆ ಮೊದಲ ಸುತ್ತಿನ ಹಲವು ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳು ಕೆಟ್ಟವು. ಎಲ್1ರಲ್ಲೂ ಸಂಕೇತ ಕೊಡುವ ಹೊಸ ಸಾಲಿನ ಎನ್‌ವಿಎಸ್-01 ಮೇಲೇರಿದ್ದು 2023ರ ಮೇ ತಿಂಗಳಲ್ಲಿ. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಿಲ್ಲ. ಸದ್ಯಕ್ಕೆ ನಾವಿಕ್ ಇದ್ದರೆ ಒಳ್ಳೆಯದೇ, ಅದೊಂದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ಬೇಡ. ಇಂದೇ ಕೆಲಸಕ್ಕೆ ಬರುವ ನಮ್ಮದೇ ಇನ್ನೊಂದು ವ್ಯವಸ್ಥೆ ಗಗನ್. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ವಿಮಾನಗಳಿಗಾಗಿ ಕಟ್ಟಿದ್ದು. ಜಿಸ್ಯಾಟ್ ಉಪಗ್ರಹಗಳ ಮೂಲಕ ಜಿಪಿಎಸ್ ಲೆಕ್ಕದ ತಪ್ಪಿಗೆ ತಿದ್ದುಪಡಿ ಕಳಿಸುತ್ತದೆ. ಯಂತ್ರದ ಮೆನುವಿನಲ್ಲಿ ಗಗನ್ ಅನ್ನುವ ಹೆಸರು ಹುಡುಕಬೇಡಿ, ಅಮೆರಿಕ, ಯುರೋಪಿನ ಇದೇ ಬಗೆಯ ವ್ಯವಸ್ಥೆಗಳ ಹೆಸರಿನಲ್ಲಿ "ವಾಸ್/ಎಗ್ನೊಸ್" ಅಂತ ಇರುವುದನ್ನು ಆನ್ ಮಾಡಿ. ತಿದ್ದುಪಡಿ ಸಿಗುತ್ತಿದ್ದರೆ ಉಪಗ್ರಹ ಪುಟದ ಪಟ್ಟಿಗಳ ಮೇಲೆ "ಡಿ" ಅಕ್ಷರ ಮೂಡುತ್ತದೆ. ಬಯಲಿನಲ್ಲಿ ಚೆನ್ನಾಗಿ ಸಿಗುತ್ತದೆ, ಕಣಿವೆಯ ತಳದಲ್ಲಿ ನಿರೀಕ್ಷಿಸಬೇಡಿ.

ಆಂಟೆನಾದ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ಕಾಡಿನಲ್ಲಿ ಅದೇ ದೊಡ್ಡದು. ಸಣ್ಣ ಯಂತ್ರಗಳಲ್ಲಿ, ಉದಾಹರಣೆಗೆ ಇಟ್ರೆಕ್ಸ್ ಸಾಲಿನಲ್ಲಿ, ಚಪ್ಪಟೆ ಚೌಕದ ಆಂಟೆನಾ ಇರುತ್ತದೆ. ಅದು ಮುಖ ಮೇಲೆ ಮಾಡಿ ಮಲಗಿಸಿ ಹಿಡಿದಾಗ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ತಲೆಯ ಮೇಲೆ ಮೋಟು ಕೊಂಬಿನಂತೆ ಎದ್ದಿರುವ ಜಿಪಿಎಸ್‌ಮ್ಯಾಪ್ ಸಾಲಿನವುಗಳಲ್ಲಿ ಸುರುಳಿ ಆಂಟೆನಾ, ಅದನ್ನು ನೆಟ್ಟಗೆ ನಿಲ್ಲಿಸಿರಬೇಕು. ಹೀಗಾಗಿ ಎಲ್ಲಿ ಕಟ್ಟಿಕೊಳ್ಳುತ್ತೀರಿ ಅನ್ನುವುದೂ ಆಯ್ಕೆಯ ಭಾಗ. ಸುರುಳಿಯದ್ದನ್ನು ಬೆನ್ನುಚೀಲದ ಹೆಗಲಪಟ್ಟಿಗೆ ನೆಟ್ಟಗೆ ಸಿಕ್ಕಿಸಿದರೆ ದಿನವಿಡೀ ಮುಗಿಲು ಕಾಣುತ್ತಿರುತ್ತದೆ. ಚಪ್ಪಟೆಯದ್ದಕ್ಕೆ ಚೀಲದ ನೆತ್ತಿಯ ಜೇಬು ಸರಿ. ಪ್ಯಾಂಟಿನ ಜೇಬಿನಲ್ಲಿ ಹಾಕಿದರೆ ಎರಡೂ ಕುರುಡು: ನಮ್ಮ ಮೈಯಲ್ಲಿರುವ ನೀರೇ ಸಂಕೇತವನ್ನು ನುಂಗುತ್ತದೆ. ಭೀಮಗಡದ ಕಡೆ ಒದ್ದೆ ಎಲೆಗಳ ಚಪ್ಪರದಡಿ ಸಂಕೇತ ಮೊದಲೇ ಸೋತು ಬಂದಿರುತ್ತದೆ. ಅಲ್ಲಿ ಸುರುಳಿ ಆಂಟೆನಾದ ಯಂತ್ರವನ್ನೇ ನಾವು ಹೇಳುವುದು, ಗಾತ್ರ ದೊಡ್ಡದಾದರೂ ಚಿಂತೆಯಿಲ್ಲ.

ಮಳೆಯ ಮಾತಿಗೆ ಬರೋಣ. ಯಂತ್ರದ ಮೇಲೆ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ತಡೆಯುತ್ತದೆ ಅಂತ ಅರ್ಥ. ಆದರೆ ಈ ಭರವಸೆ ಯುಎಸ್‌ಬಿ ಮುಚ್ಚಳದ ರಬ್ಬರು ಮತ್ತು ಸೆಲ್ ಹಾಕುವ ಬಾಗಿಲಿನ ಸುತ್ತ ಇರುವ ರಬ್ಬರು ಪಟ್ಟಿ ಸರಿಯಾಗಿ ಕೂತಿದ್ದರೆ ಮಾತ್ರ. ಒಂದು ಹುಲ್ಲುಕಡ್ಡಿ, ನಾಲ್ಕು ಮರಳಿನ ಕಣ ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಮಳೆಯಲ್ಲಿ ನಿಂತು ಸೆಲ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಛತ್ರಿಯಡಿ, ಕೈ ಒರೆಸಿಕೊಂಡು, ಪಟ್ಟಿಯನ್ನು ಬೆರಳಿನಿಂದ ಸವರಿ ನೋಡಿ ಮುಚ್ಚಿ. ನೀರು ತಡೆಯುವ ಯಂತ್ರಗಳಲ್ಲಿ ಹೆಚ್ಚಿನವು ತೇಲುವುದಿಲ್ಲ. ಹಳ್ಳ ದಾಟುವವರು ದಾರದ ಕುಣಿಕೆಯನ್ನು ಚೀಲಕ್ಕೆ ಕಟ್ಟಿರಲೇಬೇಕು. ಇಂಥ ಕಡೆ ಟಚ್ ಪರದೆಗಿಂತ ಗುಂಡಿ ಇರುವ ಯಂತ್ರ ಮೇಲು. ಒದ್ದೆ ಬೆರಳು, ಕೆಸರು ಬೆರಳು, ಕೈಗವಸು ಯಾವುದಕ್ಕೂ ಗುಂಡಿ ಬೇಸರಿಸುವುದಿಲ್ಲ. ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು, ಒಂದೇ ಕೈಯಲ್ಲಿ, ಇರುವ ಜಾಗವನ್ನು ಗುರುತು ಹಾಕಿ ನೋಡಿ. ಆಗಲಿಲ್ಲವೆಂದರೆ ಆ ಯಂತ್ರ ನಿಮ್ಮ ಕೈಗೆ ಒಗ್ಗುವುದಲ್ಲ.

ವಿಜಯಪುರದ ಬಯಲು, ಡೋಣಿ ಹೊಳೆಯ ದಂಡೆ, ಆಲಮಟ್ಟಿಯ ಹಿನ್ನೀರಿನ ಸುತ್ತ ನಡೆಯುವವರಿಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಎಲ್ಲ ಯಂತ್ರವೂ ಸರಿಯಾಗಿ ತೋರಿಸುತ್ತದೆ. ನೋಡಬೇಕಾದ್ದು ಪರದೆಯೊಂದೇ: ಬಿಸಿಲು ಬಿದ್ದಷ್ಟೂ ಸ್ಪಷ್ಟವಾಗುವ, ಒಳಗಿನ ದೀಪ ಬೇಡದ ಪರದೆ. ಹೊಳಪಿನ ದೊಡ್ಡ ಬಣ್ಣದ ಪರದೆ ಅಂಗಡಿಯಲ್ಲಿ ಚೆಂದ ಕಾಣುತ್ತದೆ. ಹೊರಗೆ ರಸ್ತೆಗೆ ತೆಗೆದುಕೊಂಡು ಹೋಗಿ, ಮಧ್ಯಾಹ್ನದ ಬಿಸಿಲಿಗೆ ಹಿಡಿದು ನೋಡಿ ಆಮೇಲೆ ದುಡ್ಡು ಕೊಡಿ. ಯಂತ್ರವನ್ನು ಕಾರಿನ ಗಾಜಿನ ಕೆಳಗೆ ಬಿಟ್ಟು ಹೋಗಬೇಡಿ, ಒಳಗಿನ ಲಿಥಿಯಂ ಬ್ಯಾಟರಿಯ ಆಯುಸ್ಸು ಕಾವಿಗೆ ಬೇಗ ಕರಗುತ್ತದೆ.

ಇನ್ನು ಸೆಲ್. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ, ಅಂದರೆ ಎಎ ಅಳತೆಯದರ ಮೇಲೆ, ನಡೆಯುವ ಯಂತ್ರಗಳು ಒಂದು ಕಡೆ. ಒಳಗೇ ಬ್ಯಾಟರಿ ಕೂಡಿಸಿದವು ಇನ್ನೊಂದು ಕಡೆ. ಇಟ್ರೆಕ್ಸ್ 22ಎಕ್ಸ್, 32ಎಕ್ಸ್‌ಗಳಿಗೆ ಎರಡು ಎಎ ಸೆಲ್ಲಿನಲ್ಲಿ 25 ಗಂಟೆ ಅಂತ ಕಂಪನಿ ಹೇಳುತ್ತದೆ, ಇಟ್ರೆಕ್ಸ್ ಎಸ್‌ಇಗೆ 168 ಗಂಟೆ. ಆದರೆ ಎಸ್‌ಇಯಲ್ಲಿ ನಕ್ಷೆಯೇ ಇಲ್ಲ, ಕಪ್ಪು-ಬಿಳುಪು ಪರದೆ, ನಕ್ಷೆಗೆ ಮೊಬೈಲನ್ನೇ ನೋಡಬೇಕು. ಜಿಪಿಎಸ್‌ಮ್ಯಾಪ್ 65ಎಸ್ ಎರಡು ಆವರ್ತನ ಕೇಳುವುದರಿಂದ 16 ಗಂಟೆಗೇ ಇಳಿಯುತ್ತದೆ. ಒಳಗೇ ಬ್ಯಾಟರಿ ಇರುವ 67ಕ್ಕೆ 180 ಗಂಟೆ. ಇವೆಲ್ಲ ದೀಪ ಆರಿಸಿ, ಹದವಾದ ಸೆಟ್ಟಿಂಗ್‌ನಲ್ಲಿ ಅಳೆದ ಲೆಕ್ಕ. ಮೂರನೇ ಎರಡು ಭಾಗ ಸಿಕ್ಕರೆ ಸಾಕು ಅಂದುಕೊಂಡು ಯೋಜನೆ ಹಾಕಿ.

ನಮ್ಮ ಕಡೆಗೆ ಪೆನ್ಸಿಲ್ ಸೆಲ್ಲಿನ ಯಂತ್ರವೇ ಹೆಚ್ಚು ಹೊಂದುತ್ತದೆ ಅನ್ನುವುದು ನಮ್ಮ ಅಭಿಪ್ರಾಯ, ಯಾಕೆಂದರೆ ಊರಿನ ಕಿರಾಣಿ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ. ಆದರೆ ಗಡಿಯಾರಕ್ಕೆ ಹಾಕುವ ಅಗ್ಗದ ಸತುವಿನ ಸೆಲ್ ಹಾಕಿದರೆ ಸ್ವಲ್ಪ ಹೊತ್ತಿಗೇ ಕುಸಿಯುತ್ತದೆ. "ಆಲ್ಕಲೈನ್" ಅಂತ ಬರೆದದ್ದೇ ಕೇಳಿ. ದಿನಬಳಕೆಗೆ ಚಾರ್ಜ್ ಮಾಡುವ ನಿಕಲ್ ಸೆಲ್ ಒಳ್ಳೆಯದು, ಅದರಲ್ಲೂ ತಿಂಗಳುಗಟ್ಟಲೆ ಇಟ್ಟರೂ ಚಾರ್ಜ್ ಸೋರದ ಬಗೆಯದ್ದು. ಅದರ ಸಾಮರ್ಥ್ಯ ಸುಮಾರು 2000 ಎಂಎಎಚ್ ಇರುತ್ತದೆ. ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಆಲ್ಕಲೈನ್ ಸೆಲ್ 1.5 ವೋಲ್ಟ್, ನಿಕಲ್ ಸೆಲ್ 1.2 ವೋಲ್ಟ್. ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಬದಲಿಸದಿದ್ದರೆ ತುಂಬಿದ ನಿಕಲ್ ಸೆಲ್ಲನ್ನೂ ಯಂತ್ರ ಅರ್ಧ ಖಾಲಿ ಅಂತ ತೋರಿಸುತ್ತದೆ. "ಯಂತ್ರ ಸೆಲ್ ತಿಂತೈತಿ" ಅನ್ನುವ ದೂರುಗಳಲ್ಲಿ ಎಷ್ಟೋ ಈ ಒಂದು ಸೆಟ್ಟಿಂಗಿನಿಂದ ಬಂದವು. ಹಳೆಯ ಸೆಲ್ ಒಂದು, ಹೊಸದೊಂದು ಸೇರಿಸಿ ಹಾಕಬೇಡಿ. ಚಾರಣ ಮುಗಿದ ಮೇಲೆ ಸೆಲ್ ತೆಗೆದಿಡಿ. ಮಳೆಗಾಲ ಪೂರ್ತಿ ಒಳಗೇ ಬಿಟ್ಟ ಆಲ್ಕಲೈನ್ ಸೋರಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟದೆ ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ನೀರು ಹಿಂಡಿದ ಹತ್ತಿಯಿಂದ ಒರೆಸಿ, ಒಣಗಿಸಿ ಹಾಕಿ.

ದಿಕ್ಸೂಚಿ ಮತ್ತು ಎತ್ತರಮಾಪಕ ಬೇಕೋ ಬೇಡವೋ ಅನ್ನುವುದೇ ಇಟ್ರೆಕ್ಸ್ 22ಎಕ್ಸ್‌ಗೂ 32ಎಕ್ಸ್‌ಗೂ ಇರುವ ಮುಖ್ಯ ವ್ಯತ್ಯಾಸ. ಕಾಂತೀಯ ದಿಕ್ಸೂಚಿ ಇಲ್ಲದ ಯಂತ್ರ ನೀವು ನಡೆಯುತ್ತಿದ್ದಾಗ ಮಾತ್ರ ದಿಕ್ಕು ಹೇಳುತ್ತದೆ. ನಿಂತುಕೊಂಡು ಬಾಣದ ಗುರುತು ನೋಡಿದರೆ ಅದು ಮನಬಂದ ಕಡೆ ತಿರುಗುತ್ತಿರುತ್ತದೆ. ಹತ್ತಿಪ್ಪತ್ತು ಹೆಜ್ಜೆ ನೇರ ನಡೆದರೆ ಸರಿಹೋಗುತ್ತದೆ. ಬಯಲಿನಲ್ಲಿ ಇದು ದೊಡ್ಡ ಮಾತಲ್ಲ. ಪೊದೆ ಕವಿದ ಕಾಡಿನಲ್ಲಿ ಹತ್ತಿಪ್ಪತ್ತು ನೇರ ಹೆಜ್ಜೆಗೆ ಜಾಗವೇ ಇರುವುದಿಲ್ಲ, ಅಲ್ಲಿ ದಿಕ್ಸೂಚಿ ಇರಬೇಕು, ಮೂರು ಅಕ್ಷದ್ದೇ ಇರಬೇಕು. ಎರಡು ಅಕ್ಷದ್ದನ್ನು ಮಟ್ಟಸವಾಗಿ ಹಿಡಿಯದಿದ್ದರೆ ತಪ್ಪು ತೋರಿಸುತ್ತದೆ. ಸೆಲ್ ಬದಲಿಸಿದಾಗಲೆಲ್ಲ ಅದನ್ನು ಮತ್ತೆ ಹೊಂದಿಸಿ. ಆಯಸ್ಕಾಂತದ ಗುಂಡಿ ಇರುವ ಮೊಬೈಲ್ ಕವರಿನ ಪಕ್ಕ ಇಡಬೇಡಿ.

ಎತ್ತರದ ವಿಷಯದಲ್ಲಿ ನಮ್ಮ ಭಾಗದವರು ತಿಳಿದಿರಬೇಕಾದ ಒಂದು ವಿಶೇಷ ಇದೆ. ಜಿಪಿಎಸ್ ಲೆಕ್ಕ ಹಾಕುವುದು ಭೂಮಿಯನ್ನು ನಯವಾದ ದೀರ್ಘಗೋಲವೆಂದು ಭಾವಿಸಿ. ನಿಜವಾದ ಸಮುದ್ರಮಟ್ಟ ಆ ಗೋಲಕ್ಕೆ ಸರಿಯಾಗಿ ಕೂರುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆಯಾಗಿ ಸಮುದ್ರಮಟ್ಟ ಗೋಲಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ, ಜಗತ್ತಿನಲ್ಲೇ ಅತಿ ಆಳವಾದ ತಗ್ಗು ಅದು. ಅದರ ಇಳಿಜಾರು ನಮ್ಮವರೆಗೂ ಬರುತ್ತದೆ. ಹೀಗಾಗಿ ತಿದ್ದುಪಡಿ ಮಾಡದ ಕೆಲವು ಮೊಬೈಲ್ ಆ್ಯಪ್‌ಗಳು ಸುಮಾರು 750 ಮೀಟರ್ ಎತ್ತರದ ಬೆಳಗಾವಿಯನ್ನು ಹತ್ತಾರು ಮೀಟರ್ ತಗ್ಗಿಸಿ ತೋರಿಸುತ್ತವೆ. ಚಾರಣದ ಯಂತ್ರಗಳಲ್ಲಿ ತಿದ್ದುಪಡಿ ಒಳಗೇ ಇರುತ್ತದೆ. ಗಾಳಿಯ ಒತ್ತಡ ಅಳೆಯುವ ಎತ್ತರಮಾಪಕ ಇದ್ದರೆ ಏರಿಳಿತ ಇನ್ನೂ ನುಣುಪಾಗಿ ಸಿಗುತ್ತದೆ, ಆದರೆ ಹವಾಮಾನ ಬದಲಾದರೆ ಅದು ದಾರಿ ತಪ್ಪುತ್ತದೆ. ಒತ್ತಡ ಒಂದು ಮಿಲಿಬಾರ್ ಇಳಿದರೆ ನೀವು ಕೂತಲ್ಲೇ ಸುಮಾರು 9 ಮೀಟರ್ ಮೇಲೇರಿದಂತೆ ತೋರಿಸುತ್ತದೆ. ಹೊರಡುವ ಬೆಳಿಗ್ಗೆ ಗೊತ್ತಿರುವ ಎತ್ತರಕ್ಕೆ ಹೊಂದಿಸಿಕೊಳ್ಳಿ. ಗೊತ್ತಿರುವ ಎತ್ತರ ಎಲ್ಲಿ ಸಿಗುತ್ತದೆ? ರೈಲು ನಿಲ್ದಾಣದ ಹಳದಿ ಫಲಕದ ಮೇಲೆ. ಖಾನಾಪುರ, ಲೋಂಡಾ, ಬಾದಾಮಿ, ಎಲ್ಲ ಕಡೆಯೂ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರೆ.

ನಕ್ಷೆಯಿಲ್ಲದ ಯಂತ್ರ ಬರೀ ಅಂಕಿ ತೋರಿಸುತ್ತದೆ. ಯಂತ್ರದ ಜೊತೆ ಬರುವ ಮೂಲ ನಕ್ಷೆಯಲ್ಲಿ ಹೆದ್ದಾರಿ ಮತ್ತು ಊರಿನ ಹೆಸರಿಗಿಂತ ಹೆಚ್ಚೇನೂ ಇರುವುದಿಲ್ಲ. ಆದ್ದರಿಂದ ಮೈಕ್ರೊಎಸ್‌ಡಿ ಕಾರ್ಡ್ ಹಾಕುವ ಜಾಗ ಇರುವುದನ್ನೇ ಕೊಳ್ಳಿ. 32 ಜಿಬಿವರೆಗಿನ, ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡ್ ಸಾಕು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಉಚಿತ ನಕ್ಷೆಗಳನ್ನು ಇಳಿಸಿಕೊಂಡು ಕಾರ್ಡಿನಲ್ಲಿ "ಗಾರ್ಮಿನ್" ಹೆಸರಿನ ಫೋಲ್ಡರಿಗೆ ಹಾಕಿದರೆ ಯಂತ್ರ ಓದುತ್ತದೆ. ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಗೆರೆಯಿಂದ ಜೋಡಿಸಿದ, ನಕ್ಷೆಯನ್ನೇ ಆರಿಸಿ. ಖಾನಾಪುರದ ಕಾಡಿನಲ್ಲಿ ಕಾಲ್ದಾರಿಗಳು ಮಳೆಗಾಲಕ್ಕೊಮ್ಮೆ ಅಳಿಸಿ ಹೋಗುತ್ತವೆ, ದನದ ಹಾದಿಗಳು ಹೊಸದಾಗಿ ಹುಟ್ಟುತ್ತವೆ. ನಕ್ಷೆಯ ದಾರಿಗೆರೆ ನೆಲದ ಮೇಲೆ ಕಾಣದೇ ಹೋಗಬಹುದು. ಹಳ್ಳ ಮತ್ತು ಗುಡ್ಡದ ಏಣು ಮಾತ್ರ ಇದ್ದಲ್ಲೇ ಇರುತ್ತವೆ, ಅವನ್ನು ನೋಡಿ ನಡೆಯಿರಿ.

ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಓಪನ್ ಸೀರೀಸ್ ನಕ್ಷೆಗಳನ್ನೂ ಬಳಸಬಹುದು. ಚಿತ್ರವನ್ನು ಕತ್ತರಿಸಿ, ಮೂಲೆಗಳಿಗೆ ಅಕ್ಷಾಂಶ-ರೇಖಾಂಶ ಕೂಡಿಸಿ ಕೆಎಂಜಡ್ ಕಡತ ಮಾಡಿದರೆ ಬಹುಪಾಲು ಯಂತ್ರಗಳು ಒಪ್ಪಿಕೊಳ್ಳುತ್ತವೆ. ಆದರೆ ಸಣ್ಣ ಯಂತ್ರಗಳಲ್ಲಿ ಒಟ್ಟು 100 ತುಣುಕಿನ ಮಿತಿ ಇರುವುದರಿಂದ ಇಡೀ ಜಿಲ್ಲೆ ಹಾಕಲು ಹೋಗಬೇಡಿ, ನಡೆಯುವ ಪಟ್ಟಿಯನ್ನಷ್ಟೇ ಹಾಕಿ. ಹಳೆಯ ಟೊಪೊಶೀಟ್, ಅಂದರೆ ಸರ್ವೇ ಇಲಾಖೆಯ ಹಳೆಯ ಕಾಗದದ ನಕ್ಷೆ, ಮನೆಯಲ್ಲಿದ್ದರೆ ಎಚ್ಚರ. ಅವು ಭೂಮಿಯ ಆಕಾರಕ್ಕೆ ಎವರೆಸ್ಟ್ ಗೋಲ ಅನ್ನುವ ಹಳೆಯ ಲೆಕ್ಕ ಹಿಡಿದು ಬರೆದವು, ಯಂತ್ರ ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಲೆಕ್ಕ ಹಿಡಿಯುತ್ತದೆ. ಡೇಟಮ್, ಅಂದರೆ ಈ ಲೆಕ್ಕದ ಬಗೆಯನ್ನು, ಬದಲಿಸದೆ ಅಂಕಿ ತುಂಬಿದರೆ ಜಾಗ ನೂರು ಮೀಟರಿನಷ್ಟೋ ಅದಕ್ಕೂ ಹೆಚ್ಚೋ ಸರಿದು ಕೂರುತ್ತದೆ. ಬಾದಾಮಿಯಲ್ಲಿ ಅಷ್ಟು ಸರಿದರೆ ಬಂಡೆಯ ತಳಕ್ಕೂ ನೆತ್ತಿಗೂ ಇರುವ ವ್ಯತ್ಯಾಸ.

ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಮಾತು. 16 ಡಿಗ್ರಿ ಅಕ್ಷಾಂಶದ ಗೆರೆ ಬಾಗಲಕೋಟೆ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ, ಪಟ್ಟದಕಲ್ಲು ಅದರ ದಕ್ಷಿಣಕ್ಕೆ, ಐಹೊಳೆ ಉತ್ತರಕ್ಕೆ. ಯುಟಿಎಂ ಕ್ರಮದಲ್ಲಿ, ಅಂದರೆ ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಕ್ರಮದಲ್ಲಿ, ಅಂಕಿ ಬರೆಯುವವರಿಗೆ ಬೆಳಗಾವಿ ಪಟ್ಟಣ, ಬಾದಾಮಿ, ಪಟ್ಟದಕಲ್ಲು 43ಪಿ ಪಟ್ಟಿಯಲ್ಲಿ ಬಂದರೆ ಗೋಕಾಕ, ಐಹೊಳೆ, ಬಾಗಲಕೋಟೆ, ವಿಜಯಪುರ 43ಕ್ಯೂದಲ್ಲಿ ಬರುತ್ತವೆ. ಓಪನ್ ಸೀರೀಸ್ ನಕ್ಷೆಯ ಹಾಳೆಗಳೂ ಇದೇ ಗೆರೆಯಲ್ಲಿ ಡಿ43ರಿಂದ ಇ43ಕ್ಕೆ ಬದಲಾಗುತ್ತವೆ. ಬಾದಾಮಿಯಿಂದ ಐಹೊಳೆಗೆ ನಡೆಯುವವರು ಎರಡೂ ಹಾಳೆ ಇಟ್ಟುಕೊಳ್ಳಬೇಕು.

ಅಂಕಿಯನ್ನು ಫೋನಿನಲ್ಲಿ ಇನ್ನೊಬ್ಬರಿಗೆ ಹೇಳುವಾಗ ಕ್ರಮವನ್ನೂ ಹೇಳಿ. 15 ಡಿಗ್ರಿ 51.50 ನಿಮಿಷ ಅನ್ನುವುದನ್ನು ಕೇಳಿದವರು 15 ಡಿಗ್ರಿ 51 ನಿಮಿಷ 50 ಸೆಕೆಂಡ್ ಅಂತ ಬರೆದುಕೊಂಡರೆ 600 ಮೀಟರಿಗೂ ಹೆಚ್ಚು ತಪ್ಪುತ್ತದೆ. ಹುಡುಕಲು ಬಂದವರು ಪಕ್ಕದ ಕೊಳ್ಳದಲ್ಲಿ ಹುಡುಕುತ್ತಾರೆ. ತಂಡದವರೆಲ್ಲ ದಶಾಂಶ ಡಿಗ್ರಿಯನ್ನೇ ಇಟ್ಟುಕೊಂಡರೆ ಈ ಗೊಂದಲ ಇರುವುದಿಲ್ಲ. ಐದು ದಶಾಂಶ ಸ್ಥಾನದವರೆಗೆ ಹೇಳಿದರೆ ಒಂದು ಮೀಟರಿನಷ್ಟು ಸೂಕ್ಷ್ಮ.

ಕೊಂಡ ದಿನವೇ ಬದಲಿಸಬೇಕಾದ ಇನ್ನೆರಡು ಸೆಟ್ಟಿಂಗ್ ಇವೆ. "ಲಾಕ್ ಆನ್ ರೋಡ್" ಆಫ್ ಮಾಡಿ, ಇಲ್ಲದಿದ್ದರೆ ಕಾಡಿನಲ್ಲಿ ನಿಂತ ನಿಮ್ಮನ್ನು ಯಂತ್ರ ಹತ್ತಿರದ ರಸ್ತೆಗೆ ಎಳೆದು ತೋರಿಸುತ್ತದೆ. ರೂಟಿಂಗ್, ಅಂದರೆ ಗುರಿಗೆ ದಾರಿ ತೋರಿಸುವ ಬಗೆ, "ಡೈರೆಕ್ಟ್" ಇರಲಿ, ಆದರೆ ಅದು ತೋರಿಸುವ ನೇರಗೆರೆ ಹಕ್ಕಿ ಹಾರುವ ದಾರಿ. ಬಾದಾಮಿಯಲ್ಲಿ "ಗುರಿ 300 ಮೀಟರ್" ಅಂತ ಬಾಣ ತೋರಿಸುವ ಕಡೆ ನಡೆದರೆ ಕಾಲಡಿ ಪ್ರಪಾತ ಬರಬಹುದು. ಹೋದ ದಾರಿಯಲ್ಲೇ ಮರಳಲು ಟ್ರ್ಯಾಕ್ ದಾಖಲೆ ತಾನಾಗಿ ಶುರುವಾಗುವಂತೆ ಇಡಿ. 10,000 ಬಿಂದು ಹಿಡಿಯುವ ಯಂತ್ರದಲ್ಲಿ 5 ಸೆಕೆಂಡಿಗೊಂದು ಬಿಂದು ಬರೆದರೆ 14 ಗಂಟೆಯೊಳಗೆ ಜಾಗ ತುಂಬಿ, ಬೆಳಿಗ್ಗೆ ಹೊರಟ ಜಾಗದ ಬಿಂದುಗಳೇ ಮೊದಲು ಅಳಿಯಬಹುದು. "ಆಟೊ" ಇಟ್ಟರೆ ತಿರುವಿನಲ್ಲಿ ಹೆಚ್ಚು, ನೇರದಲ್ಲಿ ಕಡಿಮೆ ಬಿಂದು ಬರೆಯುತ್ತದೆ.

ಮನೆಗೆ ತಂದ ಮೇಲೆ ಪರೀಕ್ಷೆ ಮಾಡಿ. ಗುರುತಿಸಲು ಸುಲಭವಾದ ಒಂದು ಕಲ್ಲು ಆರಿಸಿ, ಅದರ ಮೇಲೆ ಇಟ್ಟು ಐದು ನಿಮಿಷ ಬಿಟ್ಟು ಗುರುತು ಹಾಕಿ. ಒಂದೂವರೆ ಗಂಟೆಗೂ ಹೆಚ್ಚು ಅಂತರ ಬಿಟ್ಟು ನಾಲ್ಕೈದು ಸಲ ಹೀಗೆ ಮಾಡಿ. ಮಾರನೆಯ ದಿನ ಅದೇ ಹೊತ್ತಿಗೆ ನೋಡಿ ಪ್ರಯೋಜನವಿಲ್ಲ, ಉಪಗ್ರಹಗಳು ದಿನಕ್ಕೆ ನಾಲ್ಕು ನಿಮಿಷದಷ್ಟು ಮುಂಚಿತವಾಗಿ ಅದೇ ಜೋಡಣೆಗೆ ಬರುವುದರಿಂದ ತಪ್ಪೂ ಅದೇ ಬರುತ್ತದೆ. ಬಯಲಿನಲ್ಲಿ ಗುರುತುಗಳೆಲ್ಲ ಹತ್ತು ಮೀಟರೊಳಗೆ ಗುಂಪಾಗಿದ್ದರೆ ಯಂತ್ರ ಸರಿಯಿದೆ. ಆಮೇಲೆ ದೊಡ್ಡ ಆಲದ ಮರದಡಿ ಇದನ್ನೇ ಮಾಡಿ, ಎಷ್ಟು ಹರಡುತ್ತದೆ ನೋಡಿಟ್ಟುಕೊಳ್ಳಿ. ಕಾಡಿನಲ್ಲಿ ನಿರೀಕ್ಷಿಸಬೇಕಾದ ತಪ್ಪು ಅಷ್ಟು.

ಕಾನೂನಿನ ಮಾತು ಗಟ್ಟಿಯಾಗಿ ಹೇಳುತ್ತೇವೆ. ಬರೀ ಕೇಳಿಸಿಕೊಳ್ಳುವ ಜಿಪಿಎಸ್ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರವನ್ನು, ಅಂದರೆ ಇನ್‌ರೀಚ್ ಹೆಸರಿನವು, ಜಿಪಿಎಸ್‌ಮ್ಯಾಪ್ 66ಐ ತರಹದವು, ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ. ವಿದೇಶದಿಂದ ಬಂದ ಚಾರಣಿಗರು ಇದೇ ಕಾರಣಕ್ಕೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದಾರೆ. ಹೊರದೇಶದಲ್ಲಿರುವ ಮಗ, ಅಳಿಯ ತಂದುಕೊಡುತ್ತೇನೆಂದರೆ ಮಾಡೆಲ್ಲಿನ ಹೆಸರಿನಲ್ಲಿ ಇನ್‌ರೀಚ್ ಅಂತಲೋ ಕೊನೆಯಲ್ಲಿ "ಐ" ಅಕ್ಷರವೋ ಇದೆಯೇ ನೋಡಿ ಹೇಳಿ. ಹಾಗೆಯೇ 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಯಂತ್ರ ಎಷ್ಟೇ ಚೆನ್ನಾಗಿ ದಾರಿ ತೋರಿಸಲಿ.

ಹಾಗಾದರೆ ಯಾವುದು ಕೊಳ್ಳಬೇಕು? ಖಾನಾಪುರದ ಮಳೆಕಾಡಿಗೆ ಹೆಚ್ಚು ಹೋಗುವವರು ಗುಂಡಿ, ಸುರುಳಿ ಆಂಟೆನಾ, ದಿಕ್ಸೂಚಿ, ಪೆನ್ಸಿಲ್ ಸೆಲ್ ಇರುವ 65ಎಸ್ ತರಹದ್ದನ್ನು ನೋಡಿ. ಬಾದಾಮಿಯ ಕೊಳ್ಳಗಳಿಗೂ ಅದೇ ನಡೆಯುತ್ತದೆ, ಎರಡು ಆವರ್ತನ ಇರುವುದು ಅಲ್ಲಿ ಇನ್ನೂ ಮುಖ್ಯ. ಬಯಲಿನಲ್ಲಿ, ಕೋಟೆ-ಕೆರೆಗಳ ಸುತ್ತ ಅಡ್ಡಾಡುವವರಿಗೆ 22ಎಕ್ಸ್ ತರಹದ ಸಾದಾ ಯಂತ್ರ ಸಾಕು. ಕ್ಯಾಮೆರಾ, ಹಾಡು, ವೈಫೈಗೆ ದುಡ್ಡು ಹಾಕುವ ಬದಲು ಎರಡು ಜೊತೆ ಒಳ್ಳೆಯ ನಿಕಲ್ ಸೆಲ್, ಒಂದು ಕಾಗದದ ನಕ್ಷೆ, ಒಂದು ಸಾದಾ ದಿಕ್ಸೂಚಿ ಕೊಳ್ಳಿ.

ಕೊನೆಯಲ್ಲಿ ಬಂದ ಪ್ರಶ್ನೆ: "ಹಳೇದು ಕಡಿಮಿ ರೇಟಿಗೆ ಸಿಕ್ಕರ ತಗೋಬಹುದೇನ್ರಿ?" ತೆಗೆದುಕೊಳ್ಳಬಹುದು, ನಾಲ್ಕು ಕಡೆ ನೋಡಿ. ಸೆಲ್ಲಿನ ಬಾಗಿಲು ತೆಗೆದು ಸ್ಪ್ರಿಂಗಿನ ಮೇಲೆ ಹಸಿರು, ಬಿಳಿ ಕಲೆ ಇದೆಯೇ ನೋಡಿ. ಮೈಸುತ್ತಲಿನ ರಬ್ಬರು ಅಂಟಂಟಾಗಿ ಬಿಟ್ಟುಕೊಂಡಿದ್ದರೆ ಗುಂಡಿಗಳ ಕಡೆಯಿಂದ ನೀರು ಇಳಿಯುತ್ತದೆ. ಪರದೆಯ ಒಳಬದಿಯಲ್ಲಿ ಮಂಜು ಕಟ್ಟಿದ್ದರೆ ನೀರು ಆಗಲೇ ಒಳಗೆ ಹೋಗಿದೆ, ಬಿಟ್ಟುಬಿಡಿ. ಆಮೇಲೆ ಬಯಲಿನಲ್ಲಿ ಉಪಗ್ರಹ ಹಿಡಿಸಿ ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. ಹಾಗೆ ಆದದ್ದು 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಮುಂದಿನದು 2038ರ ನವೆಂಬರ್‌ನಲ್ಲಿ. ಸಾಫ್ಟ್‌ವೇರ್ ಹೊಸದು ಮಾಡದ ಹಳೆಯ ಯಂತ್ರ ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಸ್ಥಾನ ಸರಿಯಾಗಿಯೇ ಬರಬಹುದು, ಆದರೆ ಟ್ರ್ಯಾಕ್‌ಗಳ ಮೇಲಿನ ದಿನ, ಸೂರ್ಯೋದಯ-ಸೂರ್ಯಾಸ್ತದ ಹೊತ್ತು ಎಲ್ಲ ತಪ್ಪಾಗಿರುತ್ತದೆ. ಕಂಪ್ಯೂಟರಿಗೆ ಜೋಡಿಸಿ ಹೊಸ ಸಾಫ್ಟ್‌ವೇರ್ ಹಾಕಿದ ಮೇಲೂ ತಾರೀಖು ಸರಿಹೋಗದಿದ್ದರೆ ಆ ಮಾಡೆಲ್ಲಿಗೆ ಕಂಪನಿ ತಿದ್ದುಪಡಿ ಕೊಡುವುದನ್ನು ನಿಲ್ಲಿಸಿದೆ ಎಂದೇ ತಿಳಿಯಿರಿ. ಅದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.